ಹಿತ್ತಿಲಿಲ್ಲದ ಮನೆಯ ಚಪ್ಪರಬದನೆ

ಟೊಮೇಟೊ ಹಣ್ಣಿನ ಮೇಲೆ ಒಂದು ಲೇಖನವೆಂದರೆ ವಾಚಕರು ನಕ್ಕಾರು. ಬೆಳಗಾದರೆ ತಳ್ಳುಗಾಡಿಯವನು ಬಾಗಿಲ ಮುಂದೆ ಬಂದು ಕೂಗುವ ಪದಾರ್ಥ. ತೂಗಿಸಿಕೊಂಡು ಸಾರಿಗೆ ಹಾಕಿದರೆ ಮುಗಿಯಿತು. ಅದರ ವಿಚಾರವಾಗಿ ಬರೆಯುವುದೇನಿದೆ, ಓದುವುದೇನಿದೆ ಎಂದು ಕೇಳುವವರು ಉಂಟು. ನಮ್ಮ ನೆಂಟರಲ್ಲಿಯೇ ಅನೇಕರು ಹಾಗೆ ಕೇಳಿದ್ದಾರೆ. ೨೦೦೯ರಿಂದ ಹೈದರಾಬಾದಿನ ಒಂದು ಮಹಡಿಯ ಮೇಲೆ, ಕುಂಡಗಳಲ್ಲಿ, ಪೇಟೆಯಲ್ಲಿ ಸಿಕ್ಕದ ಟೊಮೇಟೊಗಳನ್ನು ಬೀಜದಿಂದ ಬೆಳೆಸುತ್ತ ಬಂದಿರುವ ನಾವು ಈ ಪ್ರಶ್ನೆಗೆ ಉತ್ತರ ಹೇಳುವುದನ್ನೂ ಅಭ್ಯಾಸ ಮಾಡಿಕೊಂಡಿದ್ದೇವೆ. ಇಲ್ಲಿ 'ನಾವು' ಎಂದರೆ ಗಂಡಹೆಂಡಿರಿಬ್ಬರೂ. ಮಣ್ಣು ಹೊರುವುದು ಒಬ್ಬರ ಕೆಲಸ, ಎಲ್ಲಿ ಸುರಿಯಬೇಕೆಂದು ಹೇಳುವುದು ಇನ್ನೊಬ್ಬರ ಕೆಲಸ. ಯಾವುದು ಯಾರದೆಂಬುದನ್ನು ವಾಚಕರ ಊಹೆಗೇ ಬಿಟ್ಟಿದ್ದೇವೆ.

ಮೊದಲು ಈ ಹಣ್ಣಿನ ಕುಲಗೋತ್ರ. ಊರು ಬಿಟ್ಟು ಬಂದವರಾದ ನಮಗೂ ನಿಮಗೂ ಇದು ತೀರ ಪರಕೀಯವೇನಲ್ಲ. ಇದೂ ಊರು ಬಿಟ್ಟು ಬಂದದ್ದೇ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಮಗ್ಗುಲಲ್ಲಿ ಇದರ ಕಾಡು ಬಳಗ ಇಂದಿಗೂ ಬೆಳೆಯುತ್ತದೆ. ಮೆಕ್ಸಿಕೋ ದೇಶದ ಜನ ಅದನ್ನು ಸಾಕಿ ದೊಡ್ಡದು ಮಾಡಿದರು. ಅವರ ನಾವಾಟ್ಲ್ ಭಾಷೆಯ 'ಟೊಮಾಟ್ಲ್' ಎಂಬ ಮಾತೇ ಸ್ಪೇನಿನವರ ಬಾಯಲ್ಲಿ ತಿರುಗಿ ಟೊಮೇಟೊ ಆಯಿತು. ೧೫೪೪ರಲ್ಲಿ ಇಟಲಿಯ ವೈದ್ಯ ಮತ್ತಿಯೋಲಿ ಈ ಹೊಸ ಹಣ್ಣಿನ ವರ್ಣನೆಯನ್ನು ಬರೆದಾಗ, ಇದು ಒಂದು ಬಗೆಯ ಬದನೆ ಎಂದೇ ಬರೆದ. ನಮ್ಮ ಕನ್ನಡದ ಹಳಬರೂ ಅದನ್ನು ನೋಡಿ 'ಚಪ್ಪರಬದನೆ' ಎಂದರು. ಸಾವಿರಾರು ಮೈಲಿ ದೂರದ, ಒಬ್ಬರನ್ನೊಬ್ಬರು ಕಾಣದ ಜನ ಒಂದೇ ಮಾತನ್ನು ಆಡಿದರೆಂಬುದು ಸೋಜಿಗವೆ. ಸಸ್ಯಶಾಸ್ತ್ರದವರೂ ಈಗ ಅದೇ ತೀರ್ಪು ಕೊಟ್ಟಿದ್ದಾರೆ: ಬದನೆ, ಆಲೂಗೆಡ್ಡೆ, ಟೊಮೇಟೊ ಮೂರೂ 'ಸೊಲಾನಮ್' ಎಂಬ ಒಂದೇ ಮನೆತನದವು. ಕೆಲವರು ಇದನ್ನು 'ಗೂದೆಹಣ್ಣು' ಎಂದರು. ತೆಲುಗಿನ ಹಳಬರು 'ರಾಮಮುಲಗ' ಎಂದು ರಾಮನ ಹೆಸರನ್ನೇ ಕೊಟ್ಟರು. ಆದರೂ ಮಡಿವಂತರ ಮನೆಯ ಶ್ರಾದ್ಧದ ಅಡಿಗೆಯೊಳಕ್ಕೆ ಅದಕ್ಕೆ ಪ್ರವೇಶ ಸಿಕ್ಕಲಿಲ್ಲ. ಬಂದು ಕೆಲವು ಶತಮಾನಗಳಾದರೂ ಹೊರಗಿನವನು ಹೊರಗಿನವನೇ! ಬಾಡಿಗೆಯ ಮನೆ ಹುಡುಕಿದವರಿಗೆಲ್ಲ ಈ ಮಾತಿನ ಅರ್ಥವಾದೀತು.

ಈಗ ಪೇಟೆಯಲ್ಲಿ ದೊರೆಯುವ ಟೊಮೇಟೊ ಬಹುಮಟ್ಟಿಗೆ 'ಹೈಬ್ರಿಡ್', ಎಂದರೆ ಸಂಕರ ತಳಿ. ಅದರ ಮೇಲೆ ನಮಗೆ ಜಗಳವಿಲ್ಲ. ೧೯೭೩ರಲ್ಲಿ ಬೆಂಗಳೂರಿನ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಸಂಸ್ಥೆಯವರು ನಮ್ಮ ದೇಶದ ಮೊದಲ ಸಂಕರ ಟೊಮೇಟೊವನ್ನು ಹೊರತಂದು ಅದಕ್ಕೆ 'ಕರ್ನಾಟಕ' ಎಂದೇ ಹೆಸರಿಟ್ಟರು, ಹೆಮ್ಮೆಯ ಮಾತೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಎಂಬ ಸಂಕರ ತಳಿ ಎಲೆಮುರುಟು, ಸೊರಗು, ಅಂಗಮಾರಿ ಎಂಬ ಮೂರು ರೋಗಗಳನ್ನು ತಾಳಿಕೊಂಡು ರೈತನಿಗೆ ನೆರವಾಗುತ್ತದೆ. ಕೋಲಾರದಿಂದಲೋ ಮದನಪಲ್ಲಿಯಿಂದಲೋ ಲಾರಿಯಲ್ಲಿ ಒಂದು ರಾತ್ರಿ ಕುಲುಕಿಸಿಕೊಂಡು ಹೈದರಾಬಾದಿಗೆ ಬರುವ ಹಣ್ಣಿನ ಸಿಪ್ಪೆ ಗಟ್ಟಿಯಾಗಿರಬೇಡವೆ? ಎಳೆಯ ಮಗುವಿನ ಕೆನ್ನೆಯಂಥ ಹಣ್ಣು ಆ ಪ್ರಯಾಣಕ್ಕೆ ತಕ್ಕದ್ದಲ್ಲ. ಒಂದೇ ತೊಡಕೆಂದರೆ, ಸಂಕರ ತಳಿಯ ಹಣ್ಣಿನಿಂದ ಬೀಜ ತೆಗೆದು ಬಿತ್ತಿದರೆ ಮಕ್ಕಳು ತಾಯಿಯಂತೆ ಹುಟ್ಟುವುದಿಲ್ಲ. ಒಂದು ಅಜ್ಜನಂತೆ, ಒಂದು ಅಜ್ಜಿಯಂತೆ, ಇನ್ನೊಂದು ಯಾರಂತೆಯೂ ಅಲ್ಲ. ಆದುದರಿಂದ ಪ್ರತಿವರ್ಷವೂ ಬೀಜದ ಪೊಟ್ಟಣವನ್ನು ಹೊಸದಾಗಿ ಕೊಳ್ಳಬೇಕು.

ಹಾಗಲ್ಲದೆ, ತಾಯಿಯಂತೆಯೇ ಮಗಳು, ಮಗಳಂತೆಯೇ ಮೊಮ್ಮಗಳು ಎಂದು ತಲೆಮಾರಿನಿಂದ ತಲೆಮಾರಿಗೆ ಮನೆಯಲ್ಲಿಯೇ ಬೀಜ ಹಿಡಿದು ಉಳಿಸಿಕೊಂಡು ಬಂದ ತಳಿಗಳಿಗೆ ಇಂಗ್ಲಿಷಿನವರು 'ಏರ್‌ಲೂಮ್' ಎನ್ನುತ್ತಾರೆ. ಅಜ್ಜಿಯ ಅವಲಕ್ಕಿ ಸರವನ್ನೂ ಅವರು ಇದೇ ಮಾತಿನಿಂದ ಕರೆದಾರು. ಮೈಸೂರಿನ ಕಡೆಯವರು ಇದನ್ನು 'ನಾಟಿ' ಎಂದರೆ ಬೀದರ, ಕಲಬುರಗಿಯ ಕಡೆಯವರಾದ ನಾವು 'ಜವಾರಿ' ಎನ್ನುತ್ತೇವೆ. ಜವಾರಿ ಎಂಬ ಮಾತಿನಲ್ಲಿಯೇ ಒಂದು ರುಚಿಯುಂಟು. ಜವಾರಿ ಕೋಳಿ, ಜವಾರಿ ಬದನೆ, ಜವಾರಿ ಮಾತು ಎಂದು ಎಲ್ಲಕ್ಕೂ ಅದು ಒಪ್ಪುತ್ತದೆ.

ನಮ್ಮ ಮನೆಯ ಜವಾರಿ ಟೊಮೇಟೊ ಬಂದದ್ದು ಹುಮನಾಬಾದಿನ ಕಡೆಯ ಒಂದು ಹಳ್ಳಿಯಿಂದ. ಅಲ್ಲಿ ನಮ್ಮ ದೊಡ್ಡವ್ವ ಇದ್ದಳು. ಅವಳ ದನದ ಕೊಟ್ಟಿಗೆಯ ಹಿಂದೆ, ಬಚ್ಚಲ ನೀರು ಹರಿಯುವಲ್ಲಿ, ಯಾರೂ ನೆಟ್ಟದ್ದಲ್ಲವೆಂಬಂತೆ ಆ ಗಿಡಗಳು ಇರುತ್ತಿದ್ದವು. ಹಣ್ಣು ಸಣ್ಣದು, ಮೇಲಿನಿಂದ ಒತ್ತಿದಂತೆ ಚಪ್ಪಟೆ, ಐದೋ ಆರೋ ಏಣು, ಸಿಪ್ಪೆ ತೆಳ್ಳಗೆ, ಒಳಗೆ ರಸವೇ ರಸ, ಹುಳಿಯೋ, ಹುಣಿಸೆಹಣ್ಣು ನಾಚಬೇಕು. ೨೦೦೯ರ ಬೇಸಗೆಯಲ್ಲಿ ಹೋದಾಗ ಅವಳು ಬೂದಿಯಲ್ಲಿ ಉಜ್ಜಿ ಒಣಗಿಸಿದ ಬೀಜವನ್ನು ಹಳೆಯ ಸೀರೆಯ ತುಣುಕಿನಲ್ಲಿ ಗಂಟುಹಾಕಿ ಕೊಟ್ಟಳು. "ಹಿತ್ತಲಿಲ್ಲದ ಮನೀಗೆ ಬೀಜ ಯಾಕ ಒಯ್ತೀರಿ?" ಎಂದು ಕೇಳಿದಳು, ಕೇಳುತ್ತ ಕೇಳುತ್ತಲೇ ಇನ್ನೊಂದು ಚಿಟಿಕೆ ಹಾಕಿದಳು.

ಆ ಗಂಟು ಬಸ್ಸಿನಲ್ಲಿ ಹೈದರಾಬಾದಿಗೆ ಬಂದಿತು. ಆ ದಾರಿಯನ್ನು ಬಲ್ಲವರು ಬಲ್ಲರು: ಹುಮನಾಬಾದು, ಜಹೀರಾಬಾದು, ಸಂಗಾರೆಡ್ಡಿ, ಪಟಾನಚೆರು, ಆಮೇಲೆ ನಗರ. ದೊಡ್ಡವ್ವ ಹುಟ್ಟಿದಾಗ ಇದೆಲ್ಲ ಒಂದೇ ಸಂಸ್ಥಾನ. ೧೯೫೬ರ ನವೆಂಬರ್ ೧ರಂದು ಬೀದರ, ಗುಲಬರ್ಗಾ, ರಾಯಚೂರುಗಳು ಮೈಸೂರಿಗೆ ಸೇರಿದ ಮೇಲೆ ಅವಳು ಕನ್ನಡನಾಡಿನವಳಾದಳು, ಹೈದರಾಬಾದು ಪರರಾಜ್ಯವಾಯಿತು. ಬೀಜಕ್ಕೆ ಇದೊಂದೂ ಗೊತ್ತಿರಲಿಲ್ಲ. ಸರೂರನಗರದ ಕಡೆಯ ತಗ್ಗಿನ ಬಡಾವಣೆಯೊಂದರ ನಾಲ್ಕಂತಸ್ತಿನ ಕಟ್ಟಡದಲ್ಲಿ ನಾವು ನೆಲಮಾಳಿಗೆಗೆ ಸಮನಾದ ಕೆಳಮನೆಯಲ್ಲಿದ್ದೆವು. ಮಾಲಿಕರ ಅಪ್ಪಣೆ ಪಡೆದು ಮೇಲುಮಹಡಿಯಲ್ಲಿ ಹತ್ತು ಕುಂಡ ಇಟ್ಟೆವು. ಬೀಜ ಮೊಳೆಯಿತು.

ಒಂದು ಗಿಡ ಕೈಗೆ ಹತ್ತಿದರೆ ಆಸೆ ಒಂದಕ್ಕೆ ನಿಲ್ಲುವುದಿಲ್ಲ. ಬೆಂಗಳೂರಿನ ಒಂದು ಬೀಜಮೇಳದಲ್ಲಿ ವಿಚಿತ್ರ ಹೆಸರಿನ ಪೊಟ್ಟಣಗಳನ್ನು ಕಂಡು ಕೊಂಡುಕೊಂಡೆವು. ಅವುಗಳಲ್ಲಿ 'ಚೆರೋಕಿ ಪರ್ಪಲ್' ಎಂಬುದು ನೇರಳೆ ಮಸಿ ಬಳಿದಂಥ ಬಣ್ಣದ ಹಣ್ಣು. ೧೯೯೦ರಲ್ಲಿ ಅಮೆರಿಕದ ಟೆನೆಸಿ ಪ್ರಾಂತದ ಜಾನ್ ಗ್ರೀನ್ ಎಂಬಾತ ಅದರ ಕೆಲವು ಬೀಜಗಳನ್ನು ಅಂಚೆಯಲ್ಲಿ ಕ್ರೇಗ್ ಲಹೂಲಿಯರ್ ಎಂಬ ಟೊಮೇಟೊಪ್ರಿಯನಿಗೆ ಕಳಿಸಿದ. ಅವನು ಬೆಳೆಸಿ, ಹೆಸರಿಟ್ಟು, ಬೀಜದವರಿಗೆ ಕೊಟ್ಟ. ಈಗ ಅದು ಲೋಕಪ್ರಸಿದ್ಧ. ಆ ಲಕೋಟೆ ಅಂಚೆಯಲ್ಲಿ ಕಳೆದುಹೋಗಿದ್ದರೆ? 'ಬ್ಲ್ಯಾಕ್ ಕ್ರಿಮ್' ಎಂಬುದು ಕಪ್ಪು ಸಮುದ್ರದ ತಡಿಯ ಕ್ರಿಮಿಯಾದ್ದು. 'ಗ್ರೀನ್ ಝೀಬ್ರಾ' ಹಣ್ಣಾದರೂ ಹಸಿರು, ಮೇಲೆ ಹಳದಿಯ ಪಟ್ಟೆ. ಇದನ್ನು ಹಳೆಯದೆಂದು ಮಾರುತ್ತಾರಾದರೂ ಟಾಮ್ ವ್ಯಾಗ್ನರ್ ಎಂಬಾತ ೧೯೮೩ರಲ್ಲಿ ಹೊರತಂದದ್ದು. 'ಬ್ರ್ಯಾಂಡಿವೈನ್' ನಸುಗೆಂಪಿನ ದಪ್ಪ ಹಣ್ಣು, ಆಲೂಗೆಡ್ಡೆಯ ಎಲೆಯಂಥ ಎಲೆ.

ಹೀಗೆ ಹುಡುಕುತ್ತಿದ್ದಾಗಲೇ ಇನ್ನೊಂದು ವೃತ್ತಾಂತ ತಿಳಿಯಿತು. ಅಮೆರಿಕದಲ್ಲಿ ೧೯೭೫ರಲ್ಲಿ ಡಯಾನ್ ಆಟ್ ವೀಲಿ, ಕೆಂಟ್ ವೀಲಿ ಎಂಬ ದಂಪತಿಗಳು ಬೀಜ ಉಳಿಸುವವರ ಸಂಘವೊಂದನ್ನು ಕಟ್ಟಿದರು. ಅದೇ ಇಂದಿನ 'ಸೀಡ್ ಸೇವರ್ಸ್ ಎಕ್ಸ್‌ಚೇಂಜ್'. ಅದಕ್ಕೆ ಮೂಲವಾದದ್ದು ಆಕೆಯ ಅಜ್ಜ ಕೊಟ್ಟ ಎರಡು ಬೀಜ: ಒಂದು ಹೂಬಳ್ಳಿ, ಒಂದು ಟೊಮೇಟೊ. ಅಜ್ಜನ ಹಿರಿಯರು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಬವೇರಿಯಾ ಬಿಟ್ಟು ಹೊರಟಾಗ ತಮ್ಮೊಡನೆ ತಂದದ್ದು ಅದು. ದೇಶ ಬಿಟ್ಟವರು ಎಲ್ಲಿಯವರಾದರೇನು, ಗಂಟಿನಲ್ಲಿ ಕಟ್ಟಿಕೊಳ್ಳುವುದು ಇಂಥದನ್ನೇ. ಈ ಸಂದರ್ಭದಲ್ಲಿ ಒಂದು ಎಚ್ಚರದ ಮಾತು: ಮಕ್ಕಳು ಅಮೆರಿಕದಲ್ಲಿರುವ ಮನೆಗಳು ನಮ್ಮಲ್ಲಿ ಬಹಳ. ಪರದೇಶದ ಬೀಜವನ್ನು ಪೆಟ್ಟಿಗೆಯಲ್ಲಿಟ್ಟು ತರುವುದಕ್ಕೆ ಸರಕಾರದ ಅನುಮತಿ, ರೋಗವಿಲ್ಲವೆಂಬ ಪ್ರಮಾಣಪತ್ರ ಬೇಕು. ೨೦೦೩ರ ಸಸ್ಯ ಸಂಗರೋಧ ಆದೇಶ ಹಾಗೆನ್ನುತ್ತದೆ. ಮೊಮ್ಮಕ್ಕಳ ಫೋಟೋ ತಂದರೆ ಸಾಕು. ಬೀಜ ಇಲ್ಲಿಯೇ ದೊರೆಯುತ್ತದೆ.

ಇನ್ನು ಹೈದರಾಬಾದಿನ ಬೇಸಾಯದ ಪಂಚಾಂಗ. ಟೊಮೇಟೊ ಬಿಸಿಲಿನ ಗಿಡ, ಆದರೆ ಬೆಂಕಿಯ ಗಿಡವಲ್ಲ. ಹಗಲು ೩೫ ಡಿಗ್ರಿ ಮೀರಿ, ರಾತ್ರಿಯೂ ೨೪ರ ಕೆಳಗೆ ಇಳಿಯದಿದ್ದರೆ ಹೂವಿನ ಪರಾಗ ಕೆಡುತ್ತದೆ. ಹೂವು ಬಿಟ್ಟದ್ದೆಲ್ಲ ಉದುರಿಹೋಗುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಮಹಡಿ ಹೇಗಿರುತ್ತದೆಂಬುದು ಹಪ್ಪಳ ಒಣಗಿಸುವವರಿಗೆ ಗೊತ್ತು. ಆದುದರಿಂದ ಗೌರಿಹಬ್ಬದ ಸುಮಾರಿಗೆ ಬೀಜ ಬಿತ್ತಿ, ನವರಾತ್ರಿಯ ಹೊತ್ತಿಗೆ ಸಸಿಯನ್ನು ದೊಡ್ಡ ಕುಂಡಕ್ಕೆ ಬದಲಾಯಿಸಿದರೆ ಡಿಸೆಂಬರಿನಿಂದ ಶಿವರಾತ್ರಿಯವರೆಗೆ ಹಣ್ಣು ತಿನ್ನಬಹುದು. ೨೦೨೩ರ ಜುಲೈಯಲ್ಲಿ ಟೊಮೇಟೊ ಬೆಲೆ ಕಿಲೋಗೆ ೧೫೦ ರೂಪಾಯಿ ದಾಟಿದಾಗ ಬಹಳ ಕಾಲದಿಂದ ಮಾತು ಬಿಟ್ಟಿದ್ದವರೂ ನಮ್ಮ ಮಹಡಿಯನ್ನು ನೆನೆದು ವಿಚಾರಿಸಿದರು. ಪಾಪ, ಜುಲೈಯಲ್ಲಿ ಅಲ್ಲಿ ಬರಿಯ ಕುಂಡಗಳಿದ್ದವು.

ವಿಧಾನ ಸುಲಭ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಸೆಗಣಿಗೊಬ್ಬರ, ಸ್ವಲ್ಪ ತೆಂಗಿನ ನಾರಿನ ಪುಡಿ ಸೇರಿಸಿ, ಬೀಜವನ್ನು ಕಾಲು ಅಂಗುಲಕ್ಕಿಂತ ಆಳಕ್ಕೆ ಇಳಿಸದೆ ಬಿತ್ತಬೇಕು. ಒಂದು ವಾರ, ಹತ್ತು ದಿನದಲ್ಲಿ ಮೊಳಕೆ. ಇಪ್ಪತ್ತೈದು ದಿನಕ್ಕೆ ಸಸಿ. ಹದಿನೈದು ಅಂಗುಲದ ಕುಂಡಕ್ಕೆ ಒಂದೇ ಗಿಡ. ಎರಡು ನೆಟ್ಟರೆ ಓರಗಿತ್ತಿಯರಂತೆ ಎರಡೂ ಬಡವಾಗುತ್ತವೆ. ಹಳೆಯ ತಳಿಗಳಲ್ಲಿ ಬಹಳಷ್ಟು ಬಳ್ಳಿಯಂತೆ ಬೆಳೆಯುತ್ತಲೇ ಇರುತ್ತವೆ. ಗಳು ಕಟ್ಟಿ ನಿಲ್ಲಿಸಬೇಕು, ಚಪ್ಪರಬದನೆ ಎಂಬ ಹೆಸರು ಆಗ ಸಾರ್ಥಕವಾಗುತ್ತದೆ. ನೀರು ಒಂದು ದಿನ ಹೊಳೆ, ಒಂದು ದಿನ ಬರ ಎಂದಾಗಬಾರದು. ಆದರೆ ಹಣ್ಣಿನ ಬುಡ ಕಪ್ಪಾಗಿ ಕೊಳೆಯುತ್ತದೆ, ಏಕೆಂದರೆ ನೀರು ಹದವಾಗಿ ಹರಿಯದಿದ್ದರೆ ಸುಣ್ಣದ ಅಂಶ ಹಣ್ಣಿನ ತುದಿಯನ್ನು ಮುಟ್ಟುವುದಿಲ್ಲ. ಬಿಳಿನೊಣ ಬಂದರೆ ಎಲೆ ಮುರುಟುವ ರೋಗ ಬರುತ್ತದೆ. ಬೇವಿನೆಣ್ಣೆ ಸಿಂಪಡಿಸಬೇಕು, ರೋಗ ಹಿಡಿದ ಗಿಡವನ್ನು ಕಿತ್ತು ಹಾಕಬೇಕು. ಕೋತಿಗೆ ಮಾತ್ರ ಯಾವ ಔಷಧವೂ ಇಲ್ಲ.

ಫಲಿತಾಂಶದ ವಿಷಯದಲ್ಲಿ ಪಕ್ಷಪಾತವಿಲ್ಲದೆ ಹೇಳುತ್ತೇವೆ. ಬ್ರ್ಯಾಂಡಿವೈನ್ ನಮ್ಮ ಮಹಡಿಯಲ್ಲಿ ಮೂರು ವರ್ಷದಲ್ಲಿ ಕೈಬೆರಳೆಣಿಕೆಯ ಹಣ್ಣು ಕೊಟ್ಟು ಬೀಳ್ಕೊಂಡಿತು. ಚೆರೋಕಿ ಚೆನ್ನಾಗಿ ಬಂದಿತು. ಕೊಯ್ದು ಉಪ್ಪು ಮೆಣಸು ಉದುರಿಸಿ ತಿನ್ನುವುದಕ್ಕೆ ಅದಕ್ಕೆ ಸಮನಿಲ್ಲ, ಆದರೆ ಸಾರಿಗೆ ಹಾಕಿದರೆ ಸಾರು ಸಪ್ಪೆ. ನಮ್ಮ ಅಡಿಗೆಗೆ ಹುಳಿ ಬೇಕು, ಅದರಲ್ಲಿ ಹುಳಿಯಿಲ್ಲ. ಕಪ್ಪು ಹಣ್ಣನ್ನು ನೆರೆಮನೆಗೆ ಕೊಟ್ಟಾಗ ಅವರು ಸಂಕೋಚದಿಂದ ತೆಗೆದುಕೊಂಡರು. ಕೊಳೆತದ್ದನ್ನು ದಾನ ಮಾಡುತ್ತಾರೆಂದು ಭಾವಿಸಿದ್ದರೆಂಬುದು ಆಮೇಲೆ ಗೊತ್ತಾಯಿತು. ಹಸಿರು ಪಟ್ಟೆಯದನ್ನು ಹಣ್ಣಾಗಲೆಂದು ಒಬ್ಬರು ಹದಿನೈದು ದಿನ ಅಕ್ಕಿಯ ಡಬ್ಬಿಯಲ್ಲಿಟ್ಟು ಕಾದರು. ಕೊನೆಗೆ ಎಲ್ಲರ ಮನೆಯಲ್ಲಿಯೂ ಗೆದ್ದದ್ದು ದೊಡ್ಡವ್ವನ ಏಣಿನ ಹಣ್ಣು. ಮೇಲಿನ ಮನೆಯ ತೆಲುಗಿನಾಕೆ ಅದನ್ನು ಪಪ್ಪಿಗೆ ಹಾಕಿದಳು. ಕೆಳಗೆ ಕಾವಲುಗಾರನ ಹೆಂಡತಿ ಹಸಿಮೆಣಸಿನಕಾಯಿಯೊಡನೆ ಕೆಂಡದಲ್ಲಿ ಸುಟ್ಟು ಚಟ್ನಿ ಅರೆದಳು. ನಮ್ಮ ಮನೆಯಲ್ಲಿ ಅದರ ಸಾರಿಗೆ ಹುಣಿಸೆಹಣ್ಣನ್ನೇ ಹಾಕುವುದಿಲ್ಲ.

ಬೀಜ ತೆಗೆಯುವ ಕ್ರಮವನ್ನೂ ಹೇಳಿಬಿಡೋಣ. ಟೊಮೇಟೊ ಹೂವು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಆದುದರಿಂದ ಹತ್ತು ಬಗೆಯ ಗಿಡಗಳು ಒಟ್ಟಿಗಿದ್ದರೂ ತಳಿ ಬಹಳವಾಗಿ ಕೆಡುವುದಿಲ್ಲ. ಕೆಲವು ಹಳೆಯ ತಳಿಗಳಲ್ಲಿ ಮಾತ್ರ ಹೂವಿನ ಶಲಾಕೆ ಹೊರಗೆ ಚಾಚಿಕೊಂಡು ದುಂಬಿಗೆ ಸಿಕ್ಕುತ್ತದೆ. ಸಂಶಯವಿದ್ದರೆ ಒಂದು ಗೊಂಚಲಿಗೆ ತೆಳುಬಟ್ಟೆಯ ಚೀಲ ಕಟ್ಟಿದರೆ ತೀರಿತು. ದೊಡ್ಡ ಹಣ್ಣನ್ನು ಆರಿಸಬೇಡಿ, ಒಳ್ಳೆಯ ಗಿಡವನ್ನು ಆರಿಸಿ. ಒಂದಲ್ಲ, ಮೂರು ನಾಲ್ಕು ಗಿಡಗಳಿಂದ. ಚೆನ್ನಾಗಿ ಮಾಗಿದ ಹಣ್ಣನ್ನು ಕೊಯ್ದು, ಬೀಜವನ್ನು ರಸದೊಡನೆ ಲೋಟಕ್ಕೆ ಹಿಂಡಿ, ಎರಡು ಮೂರು ದಿನ ಹಾಗೆಯೇ ಬಿಡಬೇಕು. ಮೇಲೆ ಬಿಳಿಯ ಬೂಸಲು ಕಟ್ಟಿ ವಾಸನೆ ಬರುತ್ತದೆ, ಮನೆಯವರು ಗೊಣಗುತ್ತಾರೆ, ತಾಳಿಕೊಳ್ಳಬೇಕು. ಬೀಜದ ಸುತ್ತ ಇರುವ ಲೋಳೆ ಮೊಳಕೆಯನ್ನು ತಡೆಯುತ್ತದೆ. ಹುಳಿತರೆ ಅದು ಕಳಚುತ್ತದೆ. ಆಮೇಲೆ ತೊಳೆದು, ತಟ್ಟೆಯ ಮೇಲೆ ಹರಡಿ, ನೆರಳಿನಲ್ಲಿ ಒಣಗಿಸಿ, ತಳಿಯ ಹೆಸರು, ವರ್ಷ ಬರೆದು ಡಬ್ಬಿಯಲ್ಲಿಟ್ಟರೆ ನಾಲ್ಕೈದು ವರ್ಷ ಬದುಕುತ್ತದೆ. ದೊಡ್ಡವ್ವನ ಬೂದಿಯೂ ಮಾಡುತ್ತಿದ್ದದ್ದು ಬಹುಶಃ ಇದೇ ಕೆಲಸ: ಲೋಳೆಯನ್ನು ಉಜ್ಜಿ ತೆಗೆಯುವುದು, ತೇವವನ್ನು ಹೀರುವುದು.

ನಮ್ಮ ಹೈದರಾಬಾದು ಬೀಜದ ವಿಷಯದಲ್ಲಿ ಸಾಮಾನ್ಯವಾದ ಊರಲ್ಲ. ಆ ಬಸ್ಸಿನ ದಾರಿಯಲ್ಲಿಯೇ, ಪಟಾನಚೆರುವಿನಲ್ಲಿ, ೧೯೭೨ರಲ್ಲಿ ಸ್ಥಾಪಿತವಾದ 'ಇಕ್ರಿಸ್ಯಾಟ್' ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದೆ. ಜೋಳ, ಸಜ್ಜೆ, ತೊಗರಿ, ಕಡಲೆ, ನೆಲಗಡಲೆಗಳ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಅದು ತಣ್ಣಗಿನ ಕೋಣೆಗಳಲ್ಲಿ ಕಾಪಾಡಿದೆ. ಅದೇ ಆವರಣದಲ್ಲಿ ತೈವಾನಿನ ವಿಶ್ವ ತರಕಾರಿ ಕೇಂದ್ರದ ಶಾಖೆಯೂ ಉಂಟು. ರಾಜೇಂದ್ರನಗರದಲ್ಲಿ ರಾಷ್ಟ್ರೀಯ ಸಸ್ಯ ಆನುವಂಶಿಕ ಸಂಪನ್ಮೂಲ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಇಷ್ಟು ದೊಡ್ಡ ಭಂಡಾರವೂ ತನ್ನ ಬೀಜದ ಒಂದು ಪಾಲನ್ನು ಉತ್ತರ ಧ್ರುವದ ಬಳಿಯ ಸ್ವಾಲ್‌ಬಾರ್ಡಿನಲ್ಲಿ, ೨೦೦೮ರಲ್ಲಿ ತೆರೆದ ಹಿಮದ ಉಗ್ರಾಣಕ್ಕೆ ಕಳಿಸಿಟ್ಟಿದೆ. ತನ್ನಲ್ಲಿಯೇ ಇದ್ದರೆ ಸಾಲದು, ಇನ್ನೊಂದು ಕಡೆಯೂ ಇರಬೇಕು ಎಂಬುದು ಅವರ ಲೆಕ್ಕ.

ಅದೇ ದಾರಿಯ ಜಹೀರಾಬಾದಿನ ಹಳ್ಳಿಗಳಲ್ಲಿ ಬೇರೊಂದು ಬಗೆಯ ಭಂಡಾರವುಂಟು. ೧೯೮೩ರಲ್ಲಿ ಹುಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಂಗಸರ ಸಂಘಗಳು ಜೋಳ, ನವಣೆ, ತೊಗರಿಯ ಹಳೆಯ ತಳಿಗಳನ್ನು ಬುಟ್ಟಿಗಳಲ್ಲಿ, ಬೂದಿ ಬೇವಿನೆಲೆಗಳ ನಡುವೆ ಇಟ್ಟು ಉಳಿಸಿವೆ. ಬೀಜ ಬೇಕಾದವಳು ಒಯ್ಯುತ್ತಾಳೆ; ಸುಗ್ಗಿಯಲ್ಲಿ ಒಯ್ದುದಕ್ಕಿಂತ ಹೆಚ್ಚಾಗಿ ತಂದು ಅಳೆಯುತ್ತಾಳೆ. ೨೦೧೯ರಲ್ಲಿ ಈ ಹೆಂಗಸರಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದಿತು. ಆ ಸೊಸೈಟಿಯನ್ನು ಕಟ್ಟಿದವರಲ್ಲಿ ಮುಖ್ಯರಾಗಿ, ೨೦೨೩ರ ಮಾರ್ಚಿಯಲ್ಲಿ ತೀರಿಕೊಂಡ ಪಿ. ವಿ. ಸತೀಶರು ಮೈಸೂರಿನಲ್ಲಿ ಹುಟ್ಟಿದವರೆಂಬುದನ್ನು ನಮ್ಮ ಪತ್ರಿಕೆಯ ವಾಚಕರಿಗೆ ತಿಳಿಸುವುದು ಸಂತೋಷ.

ಈ ಎರಡು ಬಗೆಯ ಭಂಡಾರಗಳ ವಿಚಾರ ನಮಗೆ ಬರಿಯ ಓದಿನ ವಿಷಯವಾಗಿತ್ತು; ೨೦೨೦ರ ಅಕ್ಟೋಬರಿನಲ್ಲಿ ಅದು ಮನೆಯ ವಿಷಯವಾಯಿತು. ಆ ತಿಂಗಳ ೧೩ರಂದು ಸುರಿದ ಮಳೆಯನ್ನು ಹೈದರಾಬಾದಿನವರು ಮರೆಯುವುದುಂಟೆ? ನಗರದ ಹೊರವಲಯದಲ್ಲಿ ಒಂದೇ ದಿನಕ್ಕೆ ೩೦ ಸೆಂಟಿಮೀಟರು ಮೀರಿದ ಕಡೆಯೂ ಇತ್ತು. ಕೆರೆಗಳು ಕೋಡಿ ಒಡೆದು ನೀರು ಬಡಾವಣೆಗೆ ನುಗ್ಗಿತು. ನಮ್ಮ ಕೆಳಮನೆಯಲ್ಲಿ ಎದೆಯುದ್ದ ನಿಂತಿತು. ನಾವು ಮೇಲಿನ ಮನೆಯವರ ಆಶ್ರಯದಲ್ಲಿ ಐದು ದಿನ ಇದ್ದೆವು. ಇಳಿದು ಬಂದಾಗ ಗೋಡೆಯ ಕಪಾಟಿನ ಬೀಜದ ಪೆಟ್ಟಿಗೆಯಲ್ಲಿ ಕೆಸರು ತುಂಬಿತ್ತು. ಆ ವರ್ಷ ಮಹಡಿಯಲ್ಲಿ ಬಿತ್ತಿದ್ದ ಸಸಿಗಳು ಮಳೆಯ ಹೊಡೆತಕ್ಕೆ ಮಲಗಿ, ಉಳಿದವೆರಡು ಅಂಗಮಾರಿಯಿಂದ ಕರಗಿದವು. ಚೆರೋಕಿ, ಝೀಬ್ರಾಗಳ ಮಾತು ಬೇರೆ; ಹಣ ಕೊಟ್ಟರೆ ಇನ್ನೊಮ್ಮೆ ಬಂದಾವು. ದೊಡ್ಡವ್ವನ ಹಣ್ಣಿಗೆ ಅಂಗಡಿ ಎಲ್ಲಿದೆ? ಅವಳು ೨೦೧೪ರಲ್ಲಿಯೇ ತೀರಿಕೊಂಡಿದ್ದಳು. ಕೊಟ್ಟಿಗೆ ಬಿದ್ದು ಅಲ್ಲಿ ನೆಂಟರು ಸಿಮೆಂಟಿನ ಮನೆ ಕಟ್ಟಿದ್ದರು. ಊರಿಗೆ ಫೋನು ಮಾಡಿ ವಿಚಾರಿಸಿದರೆ, ಈಗ ಎಲ್ಲರೂ ಪೊಟ್ಟಣದ ಬೀಜವನ್ನೇ ಹಾಕುತ್ತಾರೆಂದರು.

ಹನ್ನೊಂದು ವರ್ಷಗಳಲ್ಲಿ ಆ ಬೀಜವನ್ನು ಯಾರು ಯಾರಿಗೆ ಕೊಟ್ಟಿದ್ದೆವೆಂದು ಕುಳಿತು ನೆನೆದೆವು. ಹದಿನಾಲ್ಕು ಮನೆಗಳ ಹೆಸರು ಬಂದವು. ಬಹುಪಾಲು ನಮ್ಮ ಕನ್ನಡದ ಬಂಧುಗಳವೇ. ಒಂದೊಂದಾಗಿ ಕೇಳಿದೆವು. ಕೆಲವರು ಬಿತ್ತಿ, ಹಣ್ಣು ತಿಂದು, ಬೀಜ ಹಿಡಿದಿರಲಿಲ್ಲ. ಕೆಲವರು ಮನೆ ಬದಲಿಸಿದಾಗ ಕುಂಡ ಬಿಟ್ಟಿದ್ದರು. ಒಬ್ಬರು ಬಹು ಜೋಪಾನವಾಗಿ ದೇವರಕೋಣೆಯಲ್ಲಿಯೇ ಇಟ್ಟಿದ್ದರು; ಏಳು ವರ್ಷದ ಹಳೆಯ ಬೀಜ; ಬಿತ್ತಿದರೆ ಒಂದೂ ಏಳಲಿಲ್ಲ. ಯಾರ ಮೇಲೂ ಬೇಸರಪಡುವಂತಿರಲಿಲ್ಲ. ಆ ಕೊರೋನಾ ಕಾಲದಲ್ಲಿ ಮನುಷ್ಯರು ಉಳಿದದ್ದೇ ದೊಡ್ಡದಾಗಿರುವಾಗ ಟೊಮೇಟೊಗಾಗಿ ಮರುಗುವುದೂ ನಾಚಿಕೆಯೆನಿಸುತ್ತಿತ್ತು. ಆದರೂ ಸಾರು ಮಾಡಿದ ದಿನವೆಲ್ಲ ನಾವಿಬ್ಬರೂ ಒಂದಿಷ್ಟು ಹೊತ್ತು ಮಾತಾಡುತ್ತಿರಲಿಲ್ಲ.

ಹದಿನಾಲ್ಕರ ಪಟ್ಟಿಯಲ್ಲಿ ಇಲ್ಲದ ಒಂದು ಮನೆಯಿತ್ತು. ಹಿಂದಿನ ಕಾವಲುಗಾರನೂ ಅವನ ಹೆಂಡತಿಯೂ ೨೦೧೭ರಲ್ಲಿ ಕೆಲಸ ಬಿಟ್ಟು ನಾರಾಯಣಪೇಟೆಯ ಕಡೆಯ ತಮ್ಮ ಹಳ್ಳಿಗೆ ಹೋಗಿದ್ದರು. ರಾಯಚೂರು, ಯಾದಗಿರಿಗಳ ಗಡಿ ಅದು. ಆಕೆ ತೆಲುಗು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದಳು. ೨೦೨೧ರ ಸಂಕ್ರಾಂತಿ ಮುಗಿದು ಒಂದು ವಾರಕ್ಕೆ ಅವರ ಮಗ ನಗರಕ್ಕೆ ಕೆಲಸ ಹುಡುಕಿಕೊಂಡು ಬಂದ. ತಾಯಿ ಕಳಿಸಿದಳೆಂದು ಒಂದು ಟವೆಲಿನ ಗಂಟು ತಂದಿದ್ದ: ಸಜ್ಜೆಯ ರೊಟ್ಟಿ, ಒಂದಿಷ್ಟು ಅವರೆಕಾಯಿ, ಅದರಡಿಯಲ್ಲಿ ಹದಿನೈದು ಇಪ್ಪತ್ತು ಹಣ್ಣು. ಚಪ್ಪಟೆ, ಏಣು, ತೆಳುಸಿಪ್ಪೆ, ಎರಡು ಮೂರು ದಾರಿಯಲ್ಲಿ ಒಡೆದು ಅವರೆಕಾಯಿಗೆಲ್ಲ ರಸ ಬಳಿದಿತ್ತು. ಇದೆಲ್ಲಿಯದೆಂದು ಕೇಳಿದರೆ ಹುಡುಗ, "ಇದು ಬೀದರ ಟಮಾಟ, ನಮ್ಮೂರಿನಾಗ ನಾಕು ಮನ್ಯಾಗ ಐತಿ" ಎಂದ. ಕೆಲಸ ಬಿಡುವಾಗ ಆಕೆ ಚಟ್ನಿಗೆಂದು ಇಟ್ಟಿದ್ದ ಹಣ್ಣಿನ ಬೀಜವನ್ನು ತೆಗೆದುಕೊಂಡು ಹೋಗಿ ಜೋಳದ ಹೊಲದ ಬದುವಿನಲ್ಲಿ ಹಾಕಿದ್ದಳು. ಅಕ್ಕಪಕ್ಕದವರು ಕೇಳಿದರು, ಕೊಟ್ಟಳು. ಅಷ್ಟೆ.

ಆ ಹಣ್ಣಿನಿಂದ ಆ ದಿನವೇ ಬೀಜ ಹಿಂಡಿದೆವು; ಸಾರು ಮಾಡಲಿಲ್ಲ. ಆ ವರ್ಷದ ಚಳಿಗಾಲದಲ್ಲಿ, ಬೇರೆ ಬಡಾವಣೆಯ ಬೇರೆ ಮಹಡಿಯಲ್ಲಿ, ಗಿಡ ಎದ್ದು ಹಣ್ಣು ಬಿಟ್ಟಿತು. ಹಳೆಯದಕ್ಕಿಂತ ಹಣ್ಣು ತುಸು ದಪ್ಪವಾಗಿತ್ತು. ಹೊಲದಲ್ಲಿ ಆಕೆ ತನಗೆ ಬೇಕಾದ್ದನ್ನು ಆರಿಸಿ ಆರಿಸಿ ಬಿತ್ತಿರಬೇಕು. ಹುಳಿ ಮಾತ್ರ ಅದೇ ಹುಳಿ. ದೊಡ್ಡವ್ವನ ಹಣ್ಣಿಗೆ ಹೆಸರಿರಲಿಲ್ಲ. ನಾರಾಯಣಪೇಟೆಯ ಕಡೆಯವರು ಕೊಟ್ಟ ಹೆಸರಿನಿಂದಲೇ ನಾವೂ ಈಗ ಕರೆಯುತ್ತೇವೆ.

ಇದರಿಂದ ನಮಗೆ ತಿಳಿದದ್ದಿಷ್ಟು. ದೇವರಕೋಣೆಯಲ್ಲಿ ಗೌರವದಿಂದ ಇಟ್ಟ ಬೀಜ ಸತ್ತಿತು. ನಮ್ಮ ಕ್ರಮಬದ್ಧವಾದ ಪೆಟ್ಟಿಗೆಯದು ನೀರುಪಾಲಾಯಿತು. ಚಟ್ನಿ ರುಚಿಯೆಂದು ಪ್ರತಿವರ್ಷ ಬಿತ್ತಿದವಳ ಮನೆಯಲ್ಲಿ ಬದುಕಿತು. ಅವಳಿಗೆ ಅದು ಪರಂಪರೆಯಲ್ಲ, ಅಡಿಗೆ. ನಮ್ಮದು ನಮ್ಮವರಲ್ಲಿಯೇ ಉಳಿಯಲಿ ಎಂದು ಹದಿನಾಲ್ಕು ಮನೆಗಳನ್ನು ಎಣಿಸಿದೆವು. ಉಳಿಸಿದ್ದು ನಾವು ಎಣಿಸದ ಮನೆ. ಭಾಷೆಯ ವಿಷಯವೂ ಹೀಗೆಯೇ ಎಂದು ಸಂಘದ ಹಿರಿಯರು ಭಾಷಣದಲ್ಲಿ ಹೇಳಿಯಾರು. ಹೇಳಲಿ, ನಾವು ಟೊಮೇಟೊ ಬಿಟ್ಟು ಆಚೆಗೆ ಹೋಗುವುದಿಲ್ಲ.

ಆರಂಭಿಸಬೇಕೆನ್ನುವವರಿಗೆ ಎರಡು ಮಾತು. ಜವಾರಿ ಬೀಜ ಸಿಕ್ಕದಿದ್ದರೆ ಹೆಸರಘಟ್ಟದವರದೇ 'ಅರ್ಕಾ ವಿಕಾಸ್' ಹಾಕಿ. ಅದು ಸಂಕರವಲ್ಲ, ಬೀಜ ಹಿಡಿಯಬಹುದು. ರಜೆಯಲ್ಲಿ ಊರಿಗೆ ಹೋದಾಗ ಸೋದರತ್ತೆಯರನ್ನು, ಅಜ್ಜಿಯರನ್ನು, ಅವರು ಇರುವಾಗಲೇ, ಅಟ್ಟದ ಮೇಲೆ ಯಾವ ಗಂಟಿದೆಯೆಂದು ಕೇಳಿ. ಟೊಮೇಟೊ ಇಲ್ಲದಿದ್ದರೆ ಬದನೆ, ಅವರೆ, ಹೀರೆ ಇದ್ದೀತು. ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ಹಕ್ಕನ್ನು ೨೦೦೧ರ ಸಸ್ಯತಳಿ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಕಾಯಿದೆ ರೈತರಿಗೆ ಸ್ಪಷ್ಟವಾಗಿ ಕೊಟ್ಟಿದೆ. ಹಂಚುವುದು ಅವರಲ್ಲಿ ಹಳೆಯ ಪದ್ಧತಿಯೂ ಹೌದು.

ಈ ಸಲದ ಬೀಜ ಒಣಗಿ ಸಿದ್ಧವಾಗಿದೆ. ಸಂಘದ ಮುಂದಿನ ಕೂಟಕ್ಕೆ ಪೊಟ್ಟಣಗಳನ್ನು ಕಟ್ಟಿಕೊಂಡು ಬರುತ್ತೇವೆ. ಒಂದೊಂದರಲ್ಲಿ ಇಪ್ಪತ್ತು ಬೀಜ. ಬೆಲೆಯಿಲ್ಲ, ಷರತ್ತು ಒಂದುಂಟು: ಹತ್ತನ್ನು ನೀವು ಬಿತ್ತಬೇಕು, ಉಳಿದ ಹತ್ತನ್ನು ಅದೇ ವಾರ ಪಕ್ಕದ ಮನೆಗೆ ಕೊಡಬೇಕು, ಆ ಮನೆಯವರು ಯಾವ ಭಾಷೆಯವರಾದರೂ ಸರಿಯೆ.